ಲಿಂಕ್ ಅಪ್ ಇದ್ದೂ ವಹಿವಾಟು ನಿಂತಾಗ

ಬ್ಯಾಂಕಿನ ನೆಟ್‌ವರ್ಕ್ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಪೂರ್ತಿ ಕಡಿದುಹೋದ ಲೈನ್ ಅಷ್ಟು ದೊಡ್ಡ ಸಮಸ್ಯೆಯಲ್ಲ. ಕೇಬಲ್ ತುಂಡಾದರೆ ಎರಡೂ ತುದಿಯ ರೂಟರ್‌ಗಳಿಗೆ ಅದು ಬೇಗನೆ ತಿಳಿಯುತ್ತದೆ, ದಟ್ಟಣೆ ತಾನಾಗಿ ಬದಲಿ ಲೈನಿಗೆ ಹೊರಳುತ್ತದೆ, ಎಷ್ಟೋ ಸಲ ಕಾರ್ಡ್ ಉಜ್ಜಿದವರಿಗೆ ಅದರ ಸುಳಿವೂ ಸಿಗುವುದಿಲ್ಲ. ನಮ್ಮನ್ನು ಕಂಗೆಡಿಸುವುದು ಅರ್ಧ ಜೀವದಲ್ಲಿರುವ ಲೈನ್. ಅದು ಉಪಕರಣಗಳಿಗೆ ಆರೋಗ್ಯವಾಗಿ ಕಾಣಿಸುತ್ತದೆ, ಆದರೆ ಅದರ ಮೂಲಕ ಹಣದ ಸಂದೇಶಗಳು ಒಮ್ಮೆ ತಲುಪುತ್ತವೆ, ಒಮ್ಮೆ ತಲುಪುವುದಿಲ್ಲ. ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ಇಂಥದ್ದೊಂದು ವ್ಯತ್ಯಯವನ್ನು ಮೊದಲ ಸುಳಿವಿನಿಂದ ಕೊನೆಯ ಲೆಕ್ಕದವರೆಗೆ ನಿಭಾಯಿಸಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ವ್ಯವಸ್ಥೆಯ ರಚನೆಯನ್ನು ಮೊದಲು ಹೇಳಬೇಕು. ಬ್ಯಾಂಕಿಗೆ ಎರಡು ಡೇಟಾ ಸೆಂಟರ್‌ಗಳಿವೆ. ಬೇರೆ ಬ್ಯಾಂಕುಗಳೊಂದಿಗೆ ನಡೆಯುವ ಎಟಿಎಂ, ಕಾರ್ಡ್ ಮತ್ತು ಹಣ ವರ್ಗಾವಣೆಯ ಸಂದೇಶಗಳು ಒಂದು ಪಾವತಿ ಜಾಲದ ಸ್ವಿಚ್ ಮೂಲಕ, ಅಂದರೆ ಸಂದೇಶಗಳನ್ನು ಆಯಾ ಬ್ಯಾಂಕಿಗೆ ತಿರುಗಿಸುವ ಕಂಪ್ಯೂಟರ್ ಮೂಲಕ, ಹಾದುಹೋಗುತ್ತವೆ. ಪ್ರತಿ ಡೇಟಾ ಸೆಂಟರ್‌ನಿಂದಲೂ ಆ ಸ್ವಿಚ್‌ಗೆ ಒಂದೊಂದು ಮೀಸಲು ಲೈನ್ ಇದೆ, ಅದರ ಒಳಗೆ ಐಪಿಸೆಕ್ ಗೂಢಲಿಪಿಯ ಸುರಂಗವಿದೆ. ಸಂದೇಶಗಳ ರೂಪ ಐಎಸ್‌ಒ 8583. 1987ರಲ್ಲಿ ಮೊದಲು ಪ್ರಕಟವಾದ ಈ ಮಾನಕವೇ ಕಾರ್ಡ್ ಜಗತ್ತಿನ ಬಹುಭಾಗವನ್ನು ಇಂದಿಗೂ ನಡೆಸುತ್ತಿದೆ. 0200 ಎಂದರೆ ಹಣದ ವಹಿವಾಟಿನ ಕೋರಿಕೆ, 0210 ಅದಕ್ಕೆ ಉತ್ತರ, 0420 ಎಂದರೆ ಹಿಂದಿನ ವಹಿವಾಟನ್ನು ರದ್ದುಮಾಡುವ ರಿವರ್ಸಲ್ ಸೂಚನೆ. ಇವಲ್ಲದೆ ಎರಡೂ ಬದಿಯ ಕಂಪ್ಯೂಟರ್‌ಗಳು ಆಗಾಗ್ಗೆ 0800 ಎಂಬ ಚಿಕ್ಕ ಸಂದೇಶ ಕಳುಹಿಸಿ ಪರಸ್ಪರ ಎಚ್ಚರವಾಗಿದ್ದೇವೆಯೇ ಎಂದು ವಿಚಾರಿಸಿಕೊಳ್ಳುತ್ತವೆ.

ಆ ಬೆಳಿಗ್ಗೆ ನಿಗಾ ಪರದೆಯ ಮೇಲೆ ಎಲ್ಲವೂ ಹಸಿರಾಗಿತ್ತು. ಮೊದಲ ಸುಳಿವು ಬಂದದ್ದು ಗ್ರಾಹಕ ಸೇವಾ ಕೇಂದ್ರದಿಂದ. ಬೇರೆ ಬ್ಯಾಂಕಿನ ಎಟಿಎಂಗೆ ಹೋದ ನಮ್ಮ ಕೆಲವು ಗ್ರಾಹಕರಿಗೆ ನೋಟು ಬಂದಿರಲಿಲ್ಲ, ಆದರೆ ಖಾತೆಯಿಂದ ಹಣ ಕಡಿತವಾದ ಸಂದೇಶ ಬಂದಿತ್ತು. ಮೊಬೈಲ್‌ನಲ್ಲಿ ಹಣ ಕಳುಹಿಸಲು ಹೊರಟವರಿಗೆ ಚಕ್ರ ತಿರುಗುತ್ತಲೇ ಇತ್ತು. ಅದೇ ಹೊತ್ತಿನಲ್ಲಿ ಇನ್ನೂ ಅನೇಕರ ವಹಿವಾಟು ಯಾವ ಅಡಚಣೆಯೂ ಇಲ್ಲದೆ ಮುಗಿಯುತ್ತಿತ್ತು. ದೂರುಗಳಿಗೆ ಊರು, ಶಾಖೆ, ಖಾತೆಯ ಬಗೆ ಎಂಬ ಯಾವ ಸಮಾನ ಲಕ್ಷಣವೂ ಇರಲಿಲ್ಲ. ನನ್ನ ಅನುಭವದಲ್ಲಿ, ಹೀಗೆ ಯಾವ ಗುಂಪಿಗೂ ಸೇರದ ದೂರುಗಳು ಬಂದಾಗ ಶಾಖೆ ಅಥವಾ ಖಾತೆಯ ಕಡೆ ಹುಡುಕುತ್ತ ಕೂರದೆ ಎಲ್ಲರೂ ಹಂಚಿಕೊಳ್ಳುವ ದಾರಿಯನ್ನು ನೋಡುವುದು ಮೇಲು.

ಪಾವತಿ ವಿಭಾಗದವರು ನಮ್ಮ ಬ್ಯಾಂಕಿನ ಸ್ವಿಚ್‌ನ ಲಾಗ್ (ದಾಖಲೆ) ತೆಗೆದಾಗ ಚಿತ್ರ ಸ್ವಲ್ಪ ಸ್ಪಷ್ಟವಾಯಿತು. ಟೈಮ್‌ಔಟ್‌ಗಳ, ಅಂದರೆ ಗಡುವಿನೊಳಗೆ ಉತ್ತರ ಬಾರದ ಸಂದೇಶಗಳ ಸಂಖ್ಯೆ ಕೆಲವು ನಿಮಿಷ ಸೊನ್ನೆಯಲ್ಲಿರುತ್ತಿತ್ತು, ಒಮ್ಮೆಲೇ ಏರುತ್ತಿತ್ತು, ಸಂಪರ್ಕ ಮುಚ್ಚಿ ಹೊಸದಾಗಿ ತೆರೆದುಕೊಂಡ ಕೂಡಲೇ ಮತ್ತೆ ಸೊನ್ನೆಗೆ ಇಳಿಯುತ್ತಿತ್ತು. ಉತ್ತರ ಸಂಕೇತ 91, ಅಂದರೆ ಕಾರ್ಡ್ ನೀಡಿದ ಬ್ಯಾಂಕು ಅಥವಾ ಸ್ವಿಚ್ ಲಭ್ಯವಿಲ್ಲ ಎಂಬುದು, ಅದೇ ಏರಿಳಿತದೊಂದಿಗೆ ಕಾಣಿಸುತ್ತಿತ್ತು. ಮುಖ್ಯವಾಗಿ, ರಾತ್ರಿಯಿಡೀ ಏನೂ ಆಗದೆ ಬೆಳಗಿನ ದಟ್ಟಣೆ ಏರಿದಂತೆ ತೊಂದರೆಯೂ ಏರಿತ್ತು.

ಲೈನ್ ಒದಗಿಸುವ ಕಂಪನಿಗೆ ಕರೆ ಮಾಡಿದೆ. "ಲಿಂಕ್ ಅಪ್ ಇದೆ ಸರ್, ನಮ್ಮ ಕಡೆ ಏನೂ ತೊಂದರೆ ಕಾಣುತ್ತಿಲ್ಲ, ಪಿಂಗ್ ಕೂಡ ಸರಿಯಾಗಿ ಬರುತ್ತಿದೆ" ಎಂದು ಅಲ್ಲಿಯ ಪಾಳಿಯವರು ಹೇಳಿದರು. ಅವರು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ನಾನೇ ಮಾಡಿ ನೋಡಿದಾಗಲೂ ಪಿಂಗ್‌ಗೆ, ಅಂದರೆ ಆಚೆ ತುದಿ ಉತ್ತರಿಸುತ್ತದೆಯೇ ಎಂದು ಕೇಳುವ ಸಂದೇಶಕ್ಕೆ, ಒಂದೂ ತಪ್ಪದೆ ಉತ್ತರ ಬಂತು. ರೂಟರ್‌ಗಳು ದಾರಿಗಳ ಮಾಹಿತಿ ಹಂಚಿಕೊಳ್ಳುವ ಬಿಜಿಪಿ ಸಂಬಂಧ ಕದಲಿರಲಿಲ್ಲ, 0800 ವಿಚಾರಣೆಗಳಿಗೂ ಉತ್ತರ ಸಿಗುತ್ತಿತ್ತು. ಆದರೆ ಇವೆಲ್ಲವೂ ಚಿಕ್ಕ ಸಂದೇಶಗಳು. ಲೈನ್ ಜೀವಂತವಾಗಿದೆಯೇ ಎಂದು ತಿಳಿಯಲು ನಾವು ಬಳಸುತ್ತಿದ್ದ ಪ್ರತಿಯೊಂದು ಪರೀಕ್ಷೆಯೂ ಚಿಕ್ಕ ಪ್ಯಾಕೆಟ್‌ನ, ಅಂದರೆ ಮಾಹಿತಿಯ ಚಿಕ್ಕ ಕಟ್ಟಿನ ಪರೀಕ್ಷೆಯೇ ಆಗಿತ್ತು ಎಂಬುದು ಹೊಳೆದ ಮೇಲೆ ದಾರಿ ಸಿಕ್ಕಿತು.

ಪಿಂಗ್‌ನ ಗಾತ್ರವನ್ನು ಹೆಚ್ಚಿಸಿ, ನಡುವೆ ಒಡೆಯಬಾರದು ಎಂಬ ಗುರುತು ಹಾಕಿ ಕಳುಹಿಸಿದೆ. ನಮ್ಮ ಸುರಂಗದೊಳಗೆ 1400 ಬೈಟ್‌ವರೆಗಿನ ಪ್ಯಾಕೆಟ್ ಸಾಗಬೇಕು. ವಿಳಾಸ ಹೊರುವ ಐಪಿ ಮತ್ತು ಪಿಂಗ್ ಹಾಗೂ ದೋಷ ಸೂಚನೆಗಳಿಗೆ ಬಳಕೆಯಾಗುವ ಐಸಿಎಂಪಿ ತಲೆಬರಹಗಳ 28 ಬೈಟ್ ಕಳೆದರೆ 1372 ಬೈಟ್ ಮಾಹಿತಿಯ ಪಿಂಗ್ ತಲುಪಬೇಕು. ಅದು ತಲುಪಲಿಲ್ಲ. 1300 ತಲುಪಿತು. ನಡುವಿನ ಗಾತ್ರಗಳನ್ನು ಒಂದೊಂದಾಗಿ ಕಳುಹಿಸುತ್ತ ಹೋದಾಗ, ಒಂದು ಮಿತಿಯ ಆಚೆಗಿನ ಎಲ್ಲ ಪ್ಯಾಕೆಟ್‌ಗಳೂ ಸದ್ದಿಲ್ಲದೆ ಕಳೆದುಹೋಗುತ್ತಿವೆ ಎಂದು ಖಚಿತವಾಯಿತು. ತಗ್ಗಾದ ಸೇತುವೆಯ ಕೆಳಗೆ ಸೈಕಲ್ಲುಗಳು ಸಲೀಸಾಗಿ ಹೋಗುತ್ತಿದ್ದವು, ಲಾರಿಗಳು ಮಾತ್ರ ಸಿಕ್ಕಿಕೊಳ್ಳುತ್ತಿದ್ದವು. ನಮ್ಮ ಕಾವಲುಗಾರರೆಲ್ಲರೂ ಸೈಕಲ್ ಮೇಲೆ ಹೋಗಿ ದಾರಿ ಸರಿಯಿದೆ ಎಂದು ವರದಿ ಒಪ್ಪಿಸುತ್ತಿದ್ದರು.

ಕಾರಣ ಆಮೇಲೆ ತಿಳಿಯಿತು. ಲೈನ್ ಕಂಪನಿಯವರು ರಾತ್ರಿ ನಿರ್ವಹಣೆಯ ಕೆಲಸಕ್ಕಾಗಿ ನಮ್ಮ ದಟ್ಟಣೆಯನ್ನು ತಮ್ಮ ಜಾಲದ ಬೇರೊಂದು ದಾರಿಗೆ ಸರಿಸಿದ್ದರು. ಆ ದಾರಿಯಲ್ಲಿ ಪ್ರತಿ ಪ್ಯಾಕೆಟ್‌ಗೆ ಇನ್ನೊಂದು ಹೊದಿಕೆ ಸೇರುತ್ತಿದ್ದುದರಿಂದ ಒಳಗೆ ಉಳಿಯುವ ಜಾಗ ಕಡಿಮೆಯಾಗಿತ್ತು. ಸಾಮಾನ್ಯ ಈಥರ್‌ನೆಟ್ ಲೈನ್ 1500 ಬೈಟ್‌ನ ಪ್ಯಾಕೆಟ್ ಹೊರುತ್ತದೆ, ಗೂಢಲಿಪಿಯ ಸುರಂಗ ಅದರಲ್ಲಿ ಒಂದು ಪಾಲು ತಿನ್ನುತ್ತದೆ, ಹೊಸ ಹೊದಿಕೆ ಇನ್ನೊಂದು ಪಾಲು ತಿಂದಿತು. ಇಂಥ ಸಂದರ್ಭದಲ್ಲಿ ದಾರಿಯ ರೂಟರ್ "ಪ್ಯಾಕೆಟ್ ದೊಡ್ಡದಾಯಿತು, ಚಿಕ್ಕದು ಕಳುಹಿಸಿ" ಎಂಬ ಐಸಿಎಂಪಿ ಸಂದೇಶವನ್ನು ಹಿಂದಿರುಗಿಸಬೇಕು, ಕಳುಹಿಸಿದವರು ಗಾತ್ರ ತಗ್ಗಿಸಿಕೊಳ್ಳಬೇಕು. ಇಂಟರ್‌ನೆಟ್‌ನ ತಾಂತ್ರಿಕ ದಾಖಲೆಗಳ ಸಾಲಿನ 1990ರ ಆರ್‌ಎಫ್‌ಸಿ 1191 ಈ ಏರ್ಪಾಡನ್ನು ವಿವರಿಸುತ್ತದೆ. ಆದರೆ ಭದ್ರತೆಯ ಹೆಸರಿನಲ್ಲಿ ಐಸಿಎಂಪಿಯನ್ನು ಸಾರಾಸಗಟಾಗಿ ತಡೆಯುವ ಫೈರ್‌ವಾಲ್ ನಡುವೆ ಇದ್ದರೆ ಆ ಎಚ್ಚರಿಕೆ ತಲುಪುವುದೇ ಇಲ್ಲ. ಇದರಿಂದ, ಮಾಹಿತಿ ತಪ್ಪದೆ ಕ್ರಮವಾಗಿ ತಲುಪುವಂತೆ ನೋಡಿಕೊಳ್ಳುವ ಟಿಸಿಪಿ ಸಂಪರ್ಕಗಳು ಹೇಗೆ ಹೂತುಹೋಗುತ್ತವೆ ಎಂಬುದನ್ನು 2000ದ ಆರ್‌ಎಫ್‌ಸಿ 2923 ಬರೆದಿಟ್ಟಿದೆ. ಇಷ್ಟು ಹಳೆಯ, ಇಷ್ಟು ಚೆನ್ನಾಗಿ ದಾಖಲಾದ ದೋಷ ಹಣ ಸಾಗಿಸುವ ಜಾಲಗಳಲ್ಲಿ ಇನ್ನೂ ಉಳಿದುಕೊಂಡಿರುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಒಂದು ಪ್ರಶ್ನೆ ಉಳಿದಿತ್ತು. ಐಎಸ್‌ಒ 8583 ಸಂದೇಶ ಸಾಮಾನ್ಯವಾಗಿ ಕೆಲವು ನೂರು ಬೈಟ್‌ಗಳಷ್ಟೇ ಇರುತ್ತದೆ, ಹಾಗಾದರೆ ಅದೇಕೆ ಸಿಕ್ಕಿಕೊಳ್ಳಬೇಕು? ನಮ್ಮ ಸ್ವಿಚ್ ಮತ್ತು ಪಾವತಿ ಜಾಲದ ಸ್ವಿಚ್ ನಡುವೆ ಸದಾ ತೆರೆದಿರುವ ಕೆಲವೇ ಟಿಸಿಪಿ ಸಂಪರ್ಕಗಳಲ್ಲಿ ಎಲ್ಲರ ವಹಿವಾಟುಗಳೂ ಒಟ್ಟಿಗೆ ಹರಿಯುತ್ತವೆ. ದಟ್ಟಣೆ ಕಡಿಮೆ ಇದ್ದಾಗ ಒಂದು ಪ್ಯಾಕೆಟ್‌ನಲ್ಲಿ ಒಂದೇ ಸಂದೇಶ ಹೋಗುತ್ತದೆ. ದಟ್ಟಣೆ ಏರಿದಾಗ ಟಿಸಿಪಿ ಹಲವು ಸಂದೇಶಗಳನ್ನು ಒಟ್ಟುಗೂಡಿಸಿ ಒಂದು ದೊಡ್ಡ ಪ್ಯಾಕೆಟ್ ಮಾಡುತ್ತದೆ. ಆ ಪ್ಯಾಕೆಟ್ ಕಳೆದುಹೋದಾಗ ಅದನ್ನೇ ಅದೇ ಗಾತ್ರದಲ್ಲಿ ಮತ್ತೆ ಮತ್ತೆ ಕಳುಹಿಸುತ್ತದೆ, ಅದರ ಹಿಂದಿರುವ ಎಲ್ಲ ಸಂದೇಶಗಳೂ ಸರದಿಯಲ್ಲಿ ಕಾಯುತ್ತವೆ. ಕೊನೆಗೆ ಸ್ವಿಚ್‌ನ ತಂತ್ರಾಂಶ ಬೇಸತ್ತು ಸಂಪರ್ಕ ಮುಚ್ಚಿ ಹೊಸದನ್ನು ತೆರೆದಾಗ ಕೆಲವು ನಿಮಿಷ ಎಲ್ಲವೂ ಸರಿಹೋದಂತೆ ಕಾಣುತ್ತದೆ. ರಾತ್ರಿಯ ಮೌನವೂ ಬೆಳಗಿನ ಏರಿಳಿತವೂ ಇದರಿಂದ ಅರ್ಥವಾದವು.

ಇಲ್ಲಿಂದ ಮುಂದೆ ಬೇಕಾದದ್ದು ತೀರ್ಮಾನ. ಲೈನ್‌ನ ದೋಷ ಖಚಿತವಾದ ಕೂಡಲೇ ನೆಟ್‌ವರ್ಕ್ ವಿಭಾಗದ ಸಹಜ ಒತ್ತಡ ಬದಲಿ ಲೈನಿಗೆ ತಕ್ಷಣ ಹೊರಳಬೇಕೆಂಬುದು. ನಾನು ಪಾವತಿ ವಿಭಾಗದ ಮುಖ್ಯಸ್ಥರನ್ನು ಕರೆದು, "ಮೇಡಂ, ಲೈನ್ ಬದಲಿಸುವ ಮೊದಲು ಹೊಸ ವರ್ಗಾವಣೆಗಳನ್ನು ನಾವಾಗಿಯೇ ನಿಲ್ಲಿಸೋಣ" ಎಂದೆ. "ನಿಲ್ಲಿಸಿದರೆ ದೂರುಗಳು ಇನ್ನೂ ಹೆಚ್ಚುತ್ತವಲ್ಲ?" ಎಂದು ಅವರು ಕೇಳಿದರು. ಅವರ ಆತಂಕ ಸರಿಯಾದದ್ದೇ. ಆದರೂ ನನ್ನ ನಿಲುವನ್ನು ಬಿಡಲಿಲ್ಲ, ಏಕೆಂದರೆ ಈ ಕ್ಷೇತ್ರದಲ್ಲಿ ನಾನು ಅತ್ಯಂತ ಗಟ್ಟಿಯಾಗಿ ನಂಬಿರುವ ವಿಷಯ ಇದು: ಉತ್ತರ ಬಾರದ ವಹಿವಾಟು ವಿಫಲವಾದ ವಹಿವಾಟಲ್ಲ. ಅದು ನಡೆದಿರಬಹುದು, ನಡೆಯದೇ ಇರಬಹುದು. ಕೋರಿಕೆ ದಾರಿಯಲ್ಲೇ ಕಳೆದುಹೋಗಿದ್ದರೆ ಹಣ ಎಲ್ಲಿಯೂ ಕದಲಿರುವುದಿಲ್ಲ. ಕೋರಿಕೆ ತಲುಪಿ ಉತ್ತರ ಕಳೆದುಹೋಗಿದ್ದರೆ ಒಂದು ಖಾತೆಯಿಂದ ಹಣ ಹೊರಟಾಗಿರುತ್ತದೆ. ಕಾಯುತ್ತಿರುವ ಬದಿಗೆ ಇವೆರಡೂ ಒಂದೇ ರೀತಿ ಕಾಣಿಸುತ್ತವೆ.

ಎಟಿಎಂ ಮುಂದೆ ನಿಂತ ಗ್ರಾಹಕರಿಗೆ ಆದದ್ದು ಇದೇ. ಬೇರೆ ಬ್ಯಾಂಕಿನ ಯಂತ್ರದಿಂದ ಹೊರಟ 0200 ನಮ್ಮನ್ನು ತಲುಪಿತು, ನಾವು ಖಾತೆಯಿಂದ ಹಣ ಕಡಿತ ಮಾಡಿ 0210 ಕಳುಹಿಸಿದೆವು, ಅದು ದೊಡ್ಡ ಪ್ಯಾಕೆಟ್‌ನೊಳಗೆ ಸೇರಿ ಕಳೆದುಹೋಯಿತು, ಕಾದು ಸುಸ್ತಾದ ಯಂತ್ರ ನೋಟು ಕೊಡದೆ ಕಾರ್ಡ್ ಹಿಂದಿರುಗಿಸಿತು. ಹಣ ಮರಳಿಸಬೇಕಾದ 0420 ಅದೇ ಲೈನ್‌ನ ಇನ್ನೊಂದು ಬದಿಯಲ್ಲಿ ಸಿಕ್ಕಿಕೊಂಡಿತು. ಮೊಬೈಲ್ ವರ್ಗಾವಣೆಯಲ್ಲಿ ಅಪಾಯ ಇನ್ನೂ ಹೆಚ್ಚು. ಒಳ್ಳೆಯ ಆ್ಯಪ್ ತಾನಾಗಿ ಮರುಪ್ರಯತ್ನ ಮಾಡುವಾಗ ಅದೇ ಉಲ್ಲೇಖ ಸಂಖ್ಯೆಯನ್ನು ಬಳಸುತ್ತದೆ, ಆದ್ದರಿಂದ ಸರ್ವರ್ ಅದನ್ನು ಎರಡನೆಯ ಸಲ ನಡೆಸುವುದಿಲ್ಲ. ಆದರೆ ಮನುಷ್ಯ ಆ್ಯಪ್ ಮುಚ್ಚಿ, ಮತ್ತೆ ತೆರೆದು, ಅದೇ ಮೊತ್ತವನ್ನು ಹೊಸದಾಗಿ ಕಳುಹಿಸಿದರೆ ಅದಕ್ಕೆ ಹೊಸ ಸಂಖ್ಯೆ ಸಿಗುತ್ತದೆ. ವ್ಯವಸ್ಥೆಯ ಕಣ್ಣಿಗೆ ಅದು ಬೇರೆಯದೇ ವರ್ಗಾವಣೆ. ಚಕ್ರ ತಿರುಗುತ್ತ ಬಿಟ್ಟ ಪ್ರತಿ ನಿಮಿಷವೂ ಜನರನ್ನು ಎರಡು ಸಲ ಹಣ ಕಳುಹಿಸುವಂತೆ ನಾವೇ ಪ್ರೇರೇಪಿಸುತ್ತಿದ್ದೆವು. ಮುಖ್ಯಸ್ಥರು ಇದನ್ನು ಕೇಳಿ ಒಪ್ಪಿದರು. ಆ್ಯಪ್‌ನಲ್ಲಿ ಬೇರೆ ಬ್ಯಾಂಕಿಗೆ ಹಣ ಕಳುಹಿಸುವ ಗುಂಡಿಯನ್ನು ನಿಷ್ಕ್ರಿಯಗೊಳಿಸಲಾಯಿತು. ನಮ್ಮದೇ ಖಾತೆಗಳ ನಡುವಿನ ವರ್ಗಾವಣೆಗೆ ಆ ಲೈನ್ ಬೇಕಿಲ್ಲದ ಕಾರಣ ಅದು ಮುಂದುವರಿಯಿತು.

ಪ್ರಕಟಣೆಯ ಮಾತುಗಳ ಬಗ್ಗೆ ನಾವು ಸಾಕಷ್ಟು ಯೋಚಿಸಿದೆವು. "ತಾಂತ್ರಿಕ ಅಡಚಣೆಯಿಂದ ಸೇವೆಯಲ್ಲಿ ವ್ಯತ್ಯಯ, ಸಹಕರಿಸಿ" ಎಂಬ ಸಿದ್ಧ ವಾಕ್ಯದಿಂದ ಓದುವವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಬೇರೆ ಬ್ಯಾಂಕಿಗೆ ಹಣ ಕಳುಹಿಸುವ ಸೇವೆ ಸದ್ಯಕ್ಕೆ ನಿಂತಿದೆ, ಹಿಂದಿನ ಪ್ರಯತ್ನಕ್ಕೆ ಫಲಿತಾಂಶ ಕಾಣದಿದ್ದರೆ ಮತ್ತೆ ಕಳುಹಿಸಬೇಡಿ, ಹಣ ಕಡಿತವಾಗಿ ತಲುಪದಿದ್ದರೆ ಅದು ಖಾತೆಗೆ ಮರಳುತ್ತದೆ, ಮುಂದಿನ ಸುದ್ದಿ ಇಂಥ ಹೊತ್ತಿಗೆ ಎಂದು ಬರೆದೆವು. ಇದೇ ಮಾತು ಶಾಖೆಗಳಿಗೂ ಗ್ರಾಹಕ ಸೇವಾ ಕೇಂದ್ರಕ್ಕೂ ಹೋಯಿತು, ಏಕೆಂದರೆ ಶಾಖೆಯವರು "ಇನ್ನೊಮ್ಮೆ ಪ್ರಯತ್ನಿಸಿ ನೋಡಿ" ಎಂದು ಒಳ್ಳೆಯ ಮನಸ್ಸಿನಿಂದ ಹೇಳಿದರೂ ನಮ್ಮ ಲೆಕ್ಕ ಇನ್ನಷ್ಟು ಕಗ್ಗಂಟಾಗುತ್ತಿತ್ತು.

ಬದಲಿ ಲೈನ್ ತಾನಾಗಿ ಏಕೆ ಕೆಲಸ ವಹಿಸಿಕೊಳ್ಳಲಿಲ್ಲ ಎಂದು ಆಡಳಿತದವರು ಕೇಳಿದರು. ಮುಖ್ಯ ಲೈನ್ ಸತ್ತಿದೆ ಎಂದು ಯಾವ ಉಪಕರಣವೂ ತಿಳಿಯದೇ ಇದ್ದುದೇ ಅದಕ್ಕೆ ಕಾರಣ. ನಮಗಿಂತ ಎಷ್ಟೋ ದೊಡ್ಡ ಜಾಲಗಳಲ್ಲೂ ಹೀಗಾಗಿದೆ. 2018ರ ಜೂನ್ 1ರಂದು ಯುರೋಪಿನಲ್ಲಿ ವೀಸಾ ಕಾರ್ಡ್ ಸೇವೆ ಸುಮಾರು ಹತ್ತು ಗಂಟೆ ಕುಂಟಿತು. ಒಂದು ಡೇಟಾ ಸೆಂಟರ್‌ನ ನೆಟ್‌ವರ್ಕ್ ಸ್ವಿಚ್ ಎಂಬ ಜಾಲದ ಉಪಕರಣದೊಳಗಿನ ಒಂದು ಭಾಗ ಅಪೂರ್ಣವಾಗಿ ಕೆಟ್ಟಿತ್ತು, ಹೀಗಾಗಿ ಅದರ ಜೋಡಿ ಸ್ವಿಚ್ ಕೆಲಸ ವಹಿಸಿಕೊಳ್ಳಲಿಲ್ಲ. ಸುಮಾರು 52 ಲಕ್ಷ ವಹಿವಾಟುಗಳು ವಿಫಲವಾದವು ಎಂದು ಕಂಪನಿಯೇ ಬ್ರಿಟಿಷ್ ಸಂಸತ್ತಿನ ಸಮಿತಿಗೆ ತಿಳಿಸಿತು. ಉಪಕರಣ ಪೂರ್ತಿ ಕೆಟ್ಟಿದ್ದರೆ ಹಾನಿ ಬಹಳ ಕಡಿಮೆ ಇರುತ್ತಿತ್ತು ಎಂದೇ ನನ್ನ ಅಭಿಪ್ರಾಯ. ಅರೆಬರೆ ಕೆಟ್ಟ ಲೈನನ್ನು ಕೈಯಾರೆ ಕಡಿಯುವ ಅಧಿಕಾರ ಪಾಳಿಯಲ್ಲಿರುವವರಿಗೆ ಇರಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ಕಡಿಯುವಾಗಲೂ ಕ್ರಮವಿದೆ. ಪಾವತಿ ಜಾಲದ ಪಾಳಿಯವರಿಗೆ ಫೋನ್ ಮಾಡಿ ತಿಳಿಸಿದೆವು, ನಮ್ಮ ಸ್ವಿಚ್ 0800 ಮೂಲಕವೇ ತಾನು ಸೈನ್ ಆಫ್ ಆಗುತ್ತಿರುವುದಾಗಿ ಹೇಳಿತು, ದಾರಿಯಲ್ಲಿದ್ದ ಸಂದೇಶಗಳು ಉತ್ತರ ಪಡೆಯುವವರೆಗೆ ಅಥವಾ ಅವುಗಳ ಅವಧಿ ಮುಗಿಯುವವರೆಗೆ ಕಾದೆವು. ಆಮೇಲೆ ಮುಖ್ಯ ಲೈನ್‌ನ ರೂಟಿಂಗ್ ಹಿಂತೆಗೆದು ದಟ್ಟಣೆಯನ್ನು ಎರಡನೆಯ ಡೇಟಾ ಸೆಂಟರ್‌ನ ಲೈನಿಗೆ ತಿರುಗಿಸಿದೆವು. ಅಲ್ಲಿ ಮೊದಲು ಪೂರ್ಣ ಗಾತ್ರದ ಪಿಂಗ್, ಆಮೇಲೆ ಸೈನ್ ಆನ್, ಪಿನ್ ರಕ್ಷಿಸುವ ಕೀಲಿಗಳ ವಿನಿಮಯ, ಕೊನೆಗೆ ನಮ್ಮದೇ ಪರೀಕ್ಷಾ ಕಾರ್ಡ್‌ನಿಂದ ಒಂದು ನಿಜವಾದ ವಹಿವಾಟು. ಆ ಎರಡನೆಯ ಲೈನ್ ಬೇರೆ ಕಂಪನಿಯದು, ಬೇರೆ ದಾರಿಯಲ್ಲಿ ನೆಲದೊಳಗೆ ಬಂದದ್ದು. ಅದರ ನಕ್ಷೆಯನ್ನು ಮೊದಲೇ ಕೇಳಿ ಪಡೆದಿದ್ದೆವು. 2022ರ ಜುಲೈ 8ರಂದು ಕೆನಡಾದಲ್ಲಿ ರೋಜರ್ಸ್ ಕಂಪನಿಯ ಜಾಲ ಕುಸಿದಾಗ ಅದನ್ನು ನೆಚ್ಚಿದ್ದ ಇಂಟರಾಕ್ ಡೆಬಿಟ್ ಪಾವತಿ ದೇಶದಾದ್ಯಂತ ನಿಂತುಹೋಯಿತು. ಆ ಕಂಪನಿಯ ಎಂಜಿನಿಯರ್‌ಗಳಿಗೆ ತಮ್ಮ ಉಪಕರಣಗಳನ್ನು ದೂರದಿಂದ ತಲುಪುವುದೂ ಆಗಲಿಲ್ಲ, ಏಕೆಂದರೆ ನಿರ್ವಹಣೆಯ ಜಾಲವೂ ಕುಸಿದ ಜಾಲವನ್ನೇ ಅವಲಂಬಿಸಿತ್ತು. ಅಂದಿನಿಂದ ನಮ್ಮ ಪಾಳಿಯವರ ಬಳಿ ಲೈನ್ ಕಂಪನಿಗಳೆರಡಕ್ಕೂ ಸಂಬಂಧವಿಲ್ಲದ ಮೂರನೆಯ ಜಾಲದ ಫೋನ್ ಇರುತ್ತದೆ.

ಸೇವೆಗಳನ್ನು ಒಮ್ಮೆಲೇ ತೆರೆಯಲಿಲ್ಲ. ನಿಂತ ಸೇವೆ ತೆರೆದ ಕ್ಷಣ, ಕಾದು ಕುಳಿತ ಆ್ಯಪ್‌ಗಳು, ಎಟಿಎಂಗಳು, ಸರದಿಯಲ್ಲಿರುವ ರಿವರ್ಸಲ್‌ಗಳು ಎಲ್ಲವೂ ಒಟ್ಟಿಗೆ ನುಗ್ಗುತ್ತವೆ, ಆ ಹೊಡೆತಕ್ಕೆ ಒಳ್ಳೆಯ ಲೈನೂ ಮುಗ್ಗರಿಸಬಹುದು. ಮೊದಲು ಸಂಗ್ರಹದಲ್ಲಿದ್ದ ರಿವರ್ಸಲ್‌ಗಳು ಹರಿದುಹೋಗಲು ಬಿಟ್ಟೆವು, ಜನರಿಗೆ ಮರಳಬೇಕಾದ ಹಣಕ್ಕೆ ಮೊದಲ ಹಕ್ಕು ಎಂಬ ನಿಲುವಿನಿಂದ. ಆಮೇಲೆ ಎಟಿಎಂ, ಕಾರ್ಡ್, ಕೊನೆಗೆ ಮೊಬೈಲ್ ವರ್ಗಾವಣೆಯನ್ನು ಪಾಲುಪಾಲಾಗಿ ತೆರೆದೆವು. ಆ್ಯಪ್‌ನ ಮರುಪ್ರಯತ್ನಗಳ ನಡುವಿನ ಅಂತರ ಪ್ರತಿ ಸಲ ಹಿಗ್ಗುವಂತೆ, ಅದರಲ್ಲಿ ಸ್ವಲ್ಪ ಯಾದೃಚ್ಛಿಕತೆ ಇರುವಂತೆ ತಂತ್ರಾಂಶ ವಿಭಾಗದವರು ಹಿಂದೆಯೇ ಬರೆದಿದ್ದು ಅಂದು ತುಂಬ ನೆರವಾಯಿತು.

ಮಧ್ಯಾಹ್ನದ ಹೊತ್ತಿಗೆ ಲೈನ್ ಸುಸ್ಥಿತಿಗೆ ಬಂದಿತ್ತು, ಆಡಳಿತಕ್ಕೆ ಹೋಗುವ ನಮೂನೆಯಲ್ಲಿ ವ್ಯತ್ಯಯ ಮುಗಿದ ಸಮಯ ಬರೆಯುವಂತೆ ಕೇಳಲಾಯಿತು. ನಾನು ಬರೆಯಲು ಒಪ್ಪಲಿಲ್ಲ. ಉತ್ತರ ಸಿಗದ ವಹಿವಾಟುಗಳ ಪಟ್ಟಿ ಇನ್ನೂ ಪಾವತಿ ವಿಭಾಗದ ಮೇಜಿನ ಮೇಲಿತ್ತು, ಆ ಪಟ್ಟಿಯ ಪ್ರತಿ ಸಾಲಿನ ಹಿಂದೆ ತನ್ನ ಹಣ ಎಲ್ಲಿದೆ ಎಂದು ತಿಳಿಯದ ಒಬ್ಬ ವ್ಯಕ್ತಿ ಇದ್ದರು.

ತಾಳೆ ನೋಡುವ ಕೆಲಸ ನಿಧಾನವಾಗಿ ಸಾಗಿತು. ನಮ್ಮ ಸ್ವಿಚ್‌ನ ಲಾಗ್, ಮುಖ್ಯ ಬ್ಯಾಂಕಿಂಗ್ ತಂತ್ರಾಂಶದ ಖಾತಾ ದಾಖಲೆ, ಪಾವತಿ ಜಾಲ ದಿನದ ಕೊನೆಗೆ ಕಳುಹಿಸುವ, ಬ್ಯಾಂಕುಗಳ ನಡುವಿನ ಹಣದ ಲೆಕ್ಕದ ಸೆಟಲ್‌ಮೆಂಟ್ ಕಡತ, ಈ ಮೂರನ್ನೂ ಪಕ್ಕದಲ್ಲಿಟ್ಟು ಪ್ರತಿ ವಹಿವಾಟನ್ನು ಅದರ 12 ಅಕ್ಷರಗಳ ಉಲ್ಲೇಖ ಸಂಖ್ಯೆಯಿಂದ ಮತ್ತು 6 ಅಂಕಿಗಳ ಟ್ರೇಸ್ ಸಂಖ್ಯೆಯಿಂದ ಹೊಂದಿಸಬೇಕು. ಟ್ರೇಸ್ ಸಂಖ್ಯೆ ಮತ್ತೆ ಮೊದಲಿನಿಂದ ಶುರುವಾಗುವುದರಿಂದ ಅದೊಂದನ್ನೇ ನಂಬುವಂತಿಲ್ಲ, ದಿನಾಂಕ ಮತ್ತು ಯಂತ್ರದ ಗುರುತನ್ನೂ ಸೇರಿಸಿ ನೋಡಬೇಕು. ಹೆಚ್ಚಿನವು ರಿವರ್ಸಲ್ ತಲುಪಿದ ಕೂಡಲೇ ತಾವಾಗಿ ಬಗೆಹರಿದಿದ್ದವು. ಕೆಲವು ರಿವರ್ಸಲ್‌ಗಳು ಎರಡು ಸಲ ಬಂದಿದ್ದವು, ಎರಡನೆಯದನ್ನು ತಂತ್ರಾಂಶ ಗುರುತಿಸಿ ಹಣ ಸೇರಿಸದೆ ಬಿಟ್ಟಿದೆಯೇ ಎಂದು ಒಂದೊಂದನ್ನೂ ನೋಡಲಾಯಿತು. ನಮ್ಮ ಎಟಿಎಂಗಳಲ್ಲಿ ನಡೆದವುಗಳಿಗೆ ಯಂತ್ರದ ಜರ್ನಲ್ ಮತ್ತು ಪೆಟ್ಟಿಗೆಯ ನೋಟು ಎಣಿಕೆ ಕೊನೆಯ ಸಾಕ್ಷಿ. ಎಣಿಕೆಯಲ್ಲಿ ಹೆಚ್ಚುವರಿ ಬಂದರೆ ನೋಟು ಹೊರಬಿದ್ದಿಲ್ಲ ಎಂದು ಅರ್ಥ. ಮೊಬೈಲ್ ವರ್ಗಾವಣೆಗಳಲ್ಲಿ ಸ್ಥಿತಿ ತಿಳಿಯದವನ್ನು ಊಹೆಯಿಂದ ಹಿಂದಿರುಗಿಸದೆ, ಅದೇ ಉಲ್ಲೇಖದಿಂದ ಜಾಲವನ್ನು ವಿಚಾರಿಸಿ, ಹಣ ಪಡೆಯಬೇಕಾದ ಬ್ಯಾಂಕಿನಿಂದ ಖಚಿತ ಉತ್ತರ ಬಂದ ಮೇಲೆಯೇ ಇತ್ಯರ್ಥಪಡಿಸಿದೆವು. ಆತುರದಿಂದ ಹಿಂದಿರುಗಿಸಿದರೆ ಕೆಲವರಿಗೆ ಹಣ ತಲುಪಿಯೂ ಮರಳಿರುತ್ತದೆ, ಆಮೇಲೆ ಅದನ್ನು ವಾಪಸು ಕೇಳುವುದು ಗ್ರಾಹಕರಿಗೂ ನಮಗೂ ಕಹಿಯಾದ ಕೆಲಸ. ದೂರು ಕೊಟ್ಟವರಿಗೆ ಮೊದಲು ಎಂಬ ಸರದಿ ಮಾಡಲಿಲ್ಲ. ದೂರು ಕೊಡಲು ತಿಳಿಯದವರ ಹಣವೂ ಅದೇ ಪಟ್ಟಿಯ ಕ್ರಮದಲ್ಲಿ ಮರಳಬೇಕೆಂದು ಮುಖ್ಯಸ್ಥರು ಹಟ ಹಿಡಿದರು, ಅವರ ಆ ನಿಲುವಿನ ಬಗ್ಗೆ ನನಗೆ ಬಹಳ ಗೌರವವಿದೆ.

ನಂತರದ ಪರಿಶೀಲನಾ ಸಭೆಯಲ್ಲಿ ಕೆಲವು ಬದಲಾವಣೆಗಳಾದವು. ಪ್ಯಾಕೆಟ್ ದೊಡ್ಡದಾಯಿತು ಎಂಬ ಐಸಿಎಂಪಿ ಸಂದೇಶವನ್ನು, ಅಂದರೆ ಮೂರನೆಯ ಬಗೆಯ ನಾಲ್ಕನೆಯ ಸಂಕೇತವನ್ನು, ಫೈರ್‌ವಾಲ್‌ಗಳಲ್ಲಿ ಬಿಡಲು ಭದ್ರತಾ ವಿಭಾಗ ಒಪ್ಪಿತು. ನಿಗಾ ವ್ಯವಸ್ಥೆ ಈಗ ಚಿಕ್ಕ ಪಿಂಗ್ ಜೊತೆಗೆ ಪೂರ್ಣ ಗಾತ್ರದ್ದನ್ನೂ ಕಳುಹಿಸುತ್ತದೆ, ಎರಡರ ಫಲಿತಾಂಶ ಬೇರೆಯಾದರೆ ಪಾಳಿಯವರನ್ನು ಎಬ್ಬಿಸುತ್ತದೆ. ಲೈನ್ ಕಂಪನಿಯ ಒಪ್ಪಂದದಲ್ಲಿ ಲಿಂಕ್ ಅಪ್ ಇರಬೇಕೆಂಬ ಷರತ್ತಿನ ಪಕ್ಕದಲ್ಲಿ ಕನಿಷ್ಠ ಪ್ಯಾಕೆಟ್ ಗಾತ್ರದ ಷರತ್ತು ಸೇರಿದೆ, ದಾರಿ ಬದಲಿಸುವ ಮೊದಲು ಅವರು ನಮಗೆ ಲಿಖಿತವಾಗಿ ತಿಳಿಸಬೇಕು. ವ್ಯತ್ಯಯದ ನಮೂನೆಯಲ್ಲಿ ಈಗ ಎರಡು ಅಂತ್ಯ ಸಮಯಗಳಿವೆ: ಲೈನ್ ಸರಿಹೋದದ್ದು ಒಂದು, ಉತ್ತರ ಸಿಗದ ಕೊನೆಯ ವಹಿವಾಟು ಇತ್ಯರ್ಥವಾದದ್ದು ಇನ್ನೊಂದು. ಆಡಳಿತ ಮಂಡಳಿಗೆ ಹೋಗುವ ವರದಿಯಲ್ಲಿ ಎರಡನೆಯದನ್ನೇ ವ್ಯತ್ಯಯದ ಅವಧಿಯಾಗಿ ಲೆಕ್ಕ ಹಿಡಿಯಬೇಕೆಂಬ ನನ್ನ ಪ್ರಸ್ತಾವ ಇನ್ನೂ ಚರ್ಚೆಯಲ್ಲಿದೆ, ಮುಂದಿನ ಸಭೆಗೆ ಅದನ್ನು ಮತ್ತೆ ಒಯ್ಯುತ್ತಿದ್ದೇನೆ.